ಫೇರಿಂಗ್ ಹೊಸದು, ಫ್ರೇಮ್ ಹಳೆಯದು

ಮೈತುಂಬ ಫೇರಿಂಗ್, ತಗ್ಗಿದ ಹ್ಯಾಂಡಲ್, ಹಿಂದಕ್ಕೆ ಸರಿದ ಫುಟ್‌ರೆಸ್ಟ್: ಸ್ಪೋರ್ಟ್ಸ್ ಬೈಕಿಗೆ ಇಷ್ಟು ವಿವರಣೆ ಸಾಕು. 2008ರಲ್ಲಿ ನಮ್ಮಲ್ಲಿ ಬಿಡುಗಡೆಯಾದ ಯಮಾಹಾ ಆರ್15 ಆಗಲಿ, 2014ರ ಕೆಟಿಎಂ ಆರ್‌ಸಿ 390 ಆಗಲಿ, ಸೆಕೆಂಡ್‌ಹ್ಯಾಂಡ್ ಮಾರಾಟಕ್ಕೆ ನಿಂತಾಗ ಕೇಳಿಬರುವ ಮಾತು ಸಾಮಾನ್ಯವಾಗಿ ಮೂರೇ. ಸಿಂಗಲ್ ಓನರ್, ಕಡಿಮೆ ಓಡಿದೆ, ಒಂದು ಸಲವೂ ಬಿದ್ದಿಲ್ಲ. ಕೊಳ್ಳುವವರು ಮಾರುವವರ ಮುಖ ನೋಡಿ ಮಾತಿನ ತೂಕ ಅಳೆಯುತ್ತಾರೆ, ಎಡವುವುದೂ ಅಲ್ಲೇ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಈ ಮಾತು ಸುಳ್ಳಾಗಿದ್ದರೆ ಅದರ ಗುರುತು ಎಲ್ಲಿ ಉಳಿದಿರಬೇಕು, ಅದನ್ನು ಅಳಿಸುವುದು ಎಷ್ಟು ಕಷ್ಟ?

ಮೊದಲ ಮಾತಿಗೆ ಉತ್ತರ ಸುಲಭ: ಎಷ್ಟನೇ ಮಾಲೀಕರು ಎಂಬುದು ಸರ್ಕಾರದ ವಾಹನ ನೋಂದಣಿ ದಾಖಲೆಯಾದ ‘ವಾಹನ್’ನಲ್ಲೇ ಇರುತ್ತದೆ. ಎರಡನೆಯದಕ್ಕೆ ಮೀಟರ್ ಒಂದೇ ಸಾಕ್ಷಿಯಾಗದು. ಡಿಜಿಟಲ್ ಮೀಟರನ್ನೂ ತಿದ್ದುತ್ತಾರೆ, ಇಡಿಯಾಗಿ ಬದಲಿಸುತ್ತಾರೆ. ಪ್ರತಿ ಸರ್ವಿಸ್‌ನಲ್ಲಿ ಬರೆದಿಟ್ಟ ಕಿಲೋಮೀಟರ್ ಏರುತ್ತಾ ಬಂದಿದೆಯೇ ನೋಡಿ. ಟೈರಿನ ಪಕ್ಕದಲ್ಲಿ 2322 ಎಂದಿದ್ದರೆ ಅದು ತಯಾರಾದದ್ದು 2022ರ 23ನೇ ವಾರದಲ್ಲಿ. 2019ರ ಗಾಡಿ, ಮೀಟರಿನಲ್ಲಿ ಏಳೇ ಸಾವಿರ, ಆದರೂ ಟೈರ್ ಬದಲಾಗಿದೆ, ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಾಗಿದೆ ಎಂದರೆ ಮೀಟರಿನ ಮಾತು ಉಳಿದವುಗಳಿಗೆ ಹೊಂದುತ್ತಿಲ್ಲ.

ನಿಜವಾದ ಪತ್ತೇದಾರಿಕೆ ಇರುವುದು ಮೂರನೆಯದರಲ್ಲಿ. ಗೀರಿಲ್ಲದ ಫೇರಿಂಗ್ ಬೀಳದಿರುವುದಕ್ಕೆ ಪುರಾವೆ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಫೇರಿಂಗ್ ಪ್ಲಾಸ್ಟಿಕ್ಕು, ಸ್ಕ್ರೂ ಬಿಚ್ಚಿ ಹೊಸದು ಹಾಕಿದರೆ ಮುಗಿಯಿತು. ಐದು ವರ್ಷದ ಗಾಡಿಯಲ್ಲಿ ಒಂದು ಬದಿ ಮಾತ್ರ ಮಿರಮಿರ ಮಿಂಚುತ್ತಿದ್ದರೆ ಅನುಮಾನ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ಅದಕ್ಕಿಂತ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಅದು ಒಂದು ಕಡೆ ಬಡಿದು ನಿಲ್ಲುತ್ತದಲ್ಲ, ಆ ತಡೆಗೂಟವನ್ನು ಟಾರ್ಚ್ ಹಾಕಿ ನೋಡಿ. ಗಾಡಿ ಜಾರಿ ಬಿದ್ದಾಗ ಮುಂದಿನ ಚಕ್ರ ಥಟ್ಟನೆ ಒಂದು ಕಡೆಗೆ ತಿರುಗಿ, ಫೋರ್ಕು ತನ್ನೆಲ್ಲ ರಭಸದಿಂದ ಅಲ್ಲಿ ಅಪ್ಪಳಿಸಬಹುದು. ಆಗ ಬಣ್ಣ ಎದ್ದು, ಲೋಹ ನಜ್ಜಾಗುತ್ತದೆ; ಕೆಲವೊಮ್ಮೆ ಮುರಿದೇ ಹೋಗುತ್ತದೆ. ಹಲವು ಬೈಕುಗಳಲ್ಲಿ ಈ ಗೂಟ ಫ್ರೇಮಿನದೇ ಭಾಗ. ಫ್ರೇಮ್ ಬದಲಿಸಿ ಮಾರುವಷ್ಟು ಲಾಭ ಯಾರಿಗೂ ಇಲ್ಲ. (ಇಷ್ಟು ಚಿಕ್ಕ ಭಾಗ ಇಷ್ಟೊಂದು ಹೇಳುವುದು ಕಂಡರೆ ನನಗೆ ಪ್ರತಿ ಸಲವೂ ಖುಷಿ.)

ನಿಲ್ಲಿಸಿದ್ದ ಗಾಡಿ ಉರುಳಿದರೂ ಗುರುತು ಬೀಳುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನಿಂತಲ್ಲೇ ಉರುಳಿದ ಗಾಡಿ ಲಿವರಿನ ತುದಿ, ಹ್ಯಾಂಡಲಿನ ಕೊನೆ, ಫುಟ್‌ರೆಸ್ಟಿನ ಮೂತಿಯಲ್ಲಿ ಚುಕ್ಕೆಯಂತಹ ಪೆಟ್ಟು ತೋರಿಸುತ್ತದೆ. ರಸ್ತೆಯಲ್ಲಿ ಜಾರಿದ ಗಾಡಿ ಒಂದೇ ದಿಕ್ಕಿನ ಉದ್ದ ಗೀರುಗಳನ್ನು ತೋರಿಸುತ್ತದೆ. ಇನ್ನೊಂದು ಸಾಕ್ಷಿ ವಿಮೆಯ ಕಾಗದದಲ್ಲಿದೆ. ಕ್ಲೇಮ್ ಇಲ್ಲದೆ ವರ್ಷ ಕಳೆದರೆ ನೋ ಕ್ಲೇಮ್ ಬೋನಸ್ ಶೇಕಡಾ 20, 25, 35, 45, 50 ಹೀಗೆ ಏರುತ್ತದೆ. ಕ್ಲೇಮ್ ಮಾಡಿದರೆ ಸೊನ್ನೆಗಿಳಿಯುತ್ತದೆ. ಈ ಬೋನಸ್ ಗಾಡಿಯದಲ್ಲ, ಮಾಲೀಕರದು. ಹಾಗಾಗಿ ನಾಲ್ಕು ವರ್ಷದ ಸಿಂಗಲ್ ಓನರ್ ಗಾಡಿಗೆ ಬೋನಸ್ ಸೊನ್ನೆ ಎಂದರೆ ವಿವರಣೆ ಕೇಳಲೇಬೇಕು. ಪಾಲಿಸಿ 90 ದಿನಕ್ಕಿಂತ ಹೆಚ್ಚು ಕಾಲ ನಿಂತುಹೋಗಿದ್ದರೂ ಸೊನ್ನೆಯಾಗುತ್ತದೆ, ಅದಕ್ಕೂ ಕಾಗದವಿರುತ್ತದೆ. ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಈ ಸಾಕ್ಷಿಯೇ ಇಲ್ಲ. ಬೋನಸ್ 50 ಇದ್ದರೆ ಬಿದ್ದಿಲ್ಲವೆಂದೂ ಅಲ್ಲ, ಕೈಯಿಂದ ಹಣ ಹಾಕಿ ರಿಪೇರಿ ಮಾಡಿಸಿರಬಹುದು. ಸೊನ್ನೆ ಪ್ರಶ್ನೆ ಎಬ್ಬಿಸುತ್ತದೆ, ಐವತ್ತು ಏನನ್ನೂ ಸಾಬೀತು ಮಾಡುವುದಿಲ್ಲ.

ಹೀಗೆಲ್ಲ ಅನುಮಾನಿಸಿದರೆ ಯಾವ ಗಾಡಿಯನ್ನೂ ಕೊಳ್ಳಲಾಗದು ಎನ್ನುವವರಿದ್ದಾರೆ. ಬಿದ್ದ ಗಾಡಿಯನ್ನು ಕೊಳ್ಳಲೇಬಾರದೆಂದು ಇಲ್ಲಿ ಹೇಳುತ್ತಿಲ್ಲ. ಫೋರ್ಕು, ಫ್ರೇಮು ನೇರವಿದ್ದರೆ ಬಿದ್ದ ಗಾಡಿಯ ಬೆಲೆಗೆ ಧಾರಾಳವಾಗಿ ಕೊಳ್ಳಿ. ಕೊಳ್ಳುವ ಮೊದಲು ಅದೇ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಓದಿ, ಪರಿಚಯದ ಮೆಕ್ಯಾನಿಕ್ ಫೇರಿಂಗ್ ಬಿಚ್ಚುವ ದಿನ ಪಕ್ಕದಲ್ಲಿ ನಿಂತು ಆ ತಡೆಗೂಟ ಎಲ್ಲಿದೆಯೆಂದು ಕೇಳಿ ನೋಡಿಕೊಳ್ಳಿ.