ಕುಡುಗೋಲಿಗೂ ಹದ ಬೇಕು

ರಾಗಿ ಕುಯ್ಲಿನ ಕಾಲ. ಹೆಂಗಸರೆಲ್ಲ ಸಾಲು ಹಿಡಿದು ಕುಯ್ಯುತ್ತಿದ್ದಾರೆ. ಒಬ್ಬಾಕೆ ಮಾತ್ರ ಹಿಂದೆ ಬಿದ್ದಿದ್ದಾಳೆ. ಆಕೆಯ ಕುಡುಗೋಲು ಕುಯ್ಯುತ್ತಿಲ್ಲ, ಕಡ್ಡಿಯನ್ನು ಜಗ್ಗುತ್ತಿದೆ. ಮೂರು ಸಲ ಮಸೆದರೂ ಅಷ್ಟೇ. ಅಂಗೈಯಲ್ಲಿ ಬೊಬ್ಬೆ ಎದ್ದಿದೆ. ಗುತ್ತಿಗೆ ಕೆಲಸ ಬೇರೆ. ಕುಯ್ದಷ್ಟಕ್ಕೇ ಕೂಲಿ.

ಸಂಜೆ ಆಕೆ ಕುಲುಮೆಗೆ ಹೋದಳು.

"ಅಣ್ಣಾ, ಹೋದ ತಿಂಗಳು ಚೆನ್ನಾಗಿ ಕುಯ್ತಿತ್ತು. ಈಗ ಎಷ್ಟು ಮಸೆದರೂ ಬಾಯಿ ನಿಲ್ಲಲ್ಲ."

ಕಮ್ಮಾರ ಕುಡುಗೋಲಿನ ಬಾಯಿಗೆ ಅರ ಹಾಕಿ ಎಳೆದ. ಅರ ಕಚ್ಚಿಕೊಂಡಿತು. ಪುಡಿ ಉದುರಿತು.

"ಇದನ್ನ ಬೆಂಕಿಗೆ ಹಾಕಿದ್ರಾ ಅಕ್ಕಾ?"

"ಹೂಂ. ಹಿಡಿ ಸಡಿಲ ಆಗಿತ್ತು. ಒಲೆಗೆ ಹಾಕಿ, ಕೆಂಪಗೆ ಕಾಯಿಸಿ ಹೊಸ ಹಿಡಿ ಹೊಡೆದ್ವಿ."

"ಅದಕ್ಕೇ ನೋಡಿ, ಹದ ಹೋಗಿದೆ."

ಏನಿದು ಹದ? ನಾವೂ ತಿಳಿಯೋಣ.

ಕಬ್ಬಿಣ ಬೇರೆ, ಉಕ್ಕು ಬೇರೆ

ಬರೀ ಕಬ್ಬಿಣ ಮೆದು. ಅದಕ್ಕೆ ಸ್ವಲ್ಪ ಇಂಗಾಲ ಸೇರಿದರೆ ಉಕ್ಕಾಗುತ್ತದೆ. ನಮ್ಮ ಒಲೆಯ ಇದ್ದಿಲಿನಲ್ಲಿ ಇರುವುದೂ ಇಂಗಾಲವೇ. ಕಿಟಕಿಯ ಸರಳಿನಂಥ ಮೆದು ಉಕ್ಕಿನಲ್ಲಿ ಇಂಗಾಲ ಬಹಳ ಕಡಿಮೆ. 1 ಕಿಲೋದಲ್ಲಿ ಸುಮಾರು 2 ಗ್ರಾಂ. ಕುಡುಗೋಲು, ಮಚ್ಚು, ಉಳಿಗೆ ಇದು ಸಾಲದು. 1 ಕಿಲೋಗೆ 6ರಿಂದ 10 ಗ್ರಾಂ ಇಂಗಾಲ ಬೇಕು. ಅರಕ್ಕೆ ಇನ್ನೂ ಹೆಚ್ಚು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಥ ಉಕ್ಕು ಸಿಗುತ್ತದೆ. ಅದಕ್ಕೇ ಕಮ್ಮಾರರು ಅದನ್ನು ಹುಡುಕಿ ತರುತ್ತಾರೆ.

ಉಕ್ಕು ನಮ್ಮ ನಾಡಿಗೆ ಹೊಸದಲ್ಲ. ಹಿಂದೆ ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದರು. ಇಂಥ ಉಕ್ಕಿಗೆ ಇಂಗ್ಲಿಷರು 'ವೂಟ್ಜ್' ಎಂದರು. ನಮ್ಮ 'ಉಕ್ಕು' ಎಂಬ ಮಾತೇ ಹಾಗಾಯಿತು ಎಂದು ಹಲವು ವಿದ್ವಾಂಸರು ಹೇಳುತ್ತಾರೆ.

ಹದ ಹಾಕುವುದು ಹೇಗೆ?

ಬೆಲ್ಲದ ಪಾಕ ನೀವು ಕಾಯಿಸಿದ್ದೀರಿ. ಹದ ತಪ್ಪಿದರೆ ಉಂಡೆ ಕಲ್ಲಾಗುತ್ತದೆ, ಇಲ್ಲವೇ ಜಾರುತ್ತದೆ. ಉಕ್ಕೂ ಹಾಗೇ.

ಮೊದಲು ಕುಡುಗೋಲನ್ನು ಕೆಂಪಗೆ ಕಾಯಿಸಬೇಕು. ಸುಮಾರು 800 ಡಿಗ್ರಿ ಶಾಖ. ಆಗ ಅದಕ್ಕೆ ಅಯಸ್ಕಾಂತ ಕೂಡ ಅಂಟುವುದಿಲ್ಲ. ಕಾದದ್ದನ್ನು ತಟ್ಟನೆ ನೀರಿಗೋ ಎಣ್ಣೆಗೋ ಅದ್ದಬೇಕು. ಚುಂಯ್ ಎನ್ನುತ್ತದೆ. ಉಕ್ಕು ಬಹಳ ಗಡಸಾಗುತ್ತದೆ. ಆದರೆ ಗಾಜಿನ ಹಾಗೆ. ಕಲ್ಲಿಗೆ ತಾಗಿದರೆ ಬಾಯಿ ಮುಕ್ಕಾಗುತ್ತದೆ.

ಆದ್ದರಿಂದ ಇನ್ನೊಮ್ಮೆ ಕಾಯಿಸಬೇಕು. ಈ ಸಲ ಕೆಂಪಗಲ್ಲ, ಹಗುರವಾಗಿ. ಮೊದಲು ಉಜ್ಜಿ ಹೊಳಪು ಬರಿಸುತ್ತಾರೆ. ಕಾಯುತ್ತಾ ಹೋದಂತೆ ಬಣ್ಣ ಬರುತ್ತದೆ. ಮೊದಲು ಒಣಹುಲ್ಲಿನ ಹಳದಿ. ಆಮೇಲೆ ಕಂದು, ನೇರಳೆ, ನೀಲಿ. ಹಳದಿಗೆ ಸುಮಾರು 230 ಡಿಗ್ರಿ, ನೀಲಿಗೆ ಸುಮಾರು 300. ಹಳದಿಯಲ್ಲಿ ನಿಲ್ಲಿಸಿದರೆ ಗಡಸು ಹೆಚ್ಚು. ನೀಲಿಗೆ ಬಂದರೆ ಗಡಸು ಕಡಿಮೆ, ಆದರೆ ಮುರಿಯುವ ಭಯವೂ ಕಡಿಮೆ. ಕೆಲಸ ನೋಡಿ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುವುದೇ ಜಾಣತನ.

ಆ ಅಕ್ಕನ ಕುಡುಗೋಲು ಒಲೆಯಲ್ಲಿ ಕೆಂಪಗೆ ಕಾಯಿತು. ಹಾಗೇ ನಿಧಾನವಾಗಿ ಆರಿತು. ಗಡಸೆಲ್ಲ ಹೋಯಿತು. ಮೆದುವಾದ ಬಾಯಿ ಎಷ್ಟು ಮಸೆದರೇನು?

"ಹಾಗಾದ್ರೆ ಇದನ್ನ ಎಸೀಬೇಕಾ ಅಣ್ಣಾ?"

"ಯಾಕೆ ಎಸೀತೀರಿ? ಉಕ್ಕು ಒಳ್ಳೇದೇ ಇದೆ. ಮತ್ತೆ ಹದ ಹಾಕಿ ಕೊಡ್ತೀನಿ."

ಮಾರನೇ ದಿನ ಆಕೆ ಸಾಲಿನಲ್ಲಿ ಹಿಂದೆ ಬೀಳಲಿಲ್ಲ.

ನೆನಪಿಡಿ

* ಕುಡುಗೋಲು, ಮಚ್ಚು, ಈಳಿಗೆಮಣೆಯ ಅಲಗನ್ನು ಒಲೆಗೆ ಹಾಕಬೇಡಿ.
* ಹಿಡಿ ಹಾಕಲು ಕಾಯಿಸಲೇಬೇಕಾದರೆ ಬಾಲ ಮಾತ್ರ ಕಾಯಲಿ. ಅಲಗಿಗೆ ಒದ್ದೆ ಬಟ್ಟೆ ಸುತ್ತಿ.
* ತಿರುಗುವ ಸಾಣೆಗೆ ಹಿಡಿದಾಗ ಆಗಾಗ ನೀರಿಗೆ ಅದ್ದಿಸಿ. ಬಾಯಿ ನೀಲಿಯಾದರೆ ಅಲ್ಲಿ ಮೆದುವಾಗಿದೆ ಎಂದು ತಿಳಿಯಿರಿ.
* ಈ ಉಕ್ಕಿಗೆ ತುಕ್ಕು ಬೇಗ. ಕೆಲಸ ಮುಗಿದ ಮೇಲೆ ಒರೆಸಿ, ಎಣ್ಣೆ ಸವರಿ ಇಡಿ.

ಹೇಳಿ ನೋಡೋಣ

1. ಕಬ್ಬಿಣಕ್ಕೆ ಏನು ಸೇರಿದರೆ ಉಕ್ಕಾಗುತ್ತದೆ?
2. ನೀರಿಗೆ ಅದ್ದಿದ ಮೇಲೆ ಮತ್ತೆ ಯಾಕೆ ಕಾಯಿಸಬೇಕು?
3. ನಿಮ್ಮ ಮನೆಯ ಯಾವ ಯಾವ ಸಾಧನಕ್ಕೆ ಹದ ಹಾಕಿದ್ದಾರೆ? ಹೆಸರು ಬರೆಯಿರಿ.