ರೈಲು ಸೇತುವೆಯೂ ಅನುರಣನವೂ

‘ರಣ’ ಎಂಬ ಸಂಸ್ಕೃತ ಧಾತುವಿಗೆ ಶಬ್ದಮಾಡು ಎಂದರ್ಥ. ಒಂದರ ನಾದವನ್ನು ಅನುಸರಿಸಿ ಮತ್ತೊಂದು ನಾದಗೈಯುವುದೇ ಅನುರಣನ. ಶ್ರುತಿಗೂಡಿದ ಎರಡು ತಂತಿಗಳಲ್ಲಿ ಒಂದನ್ನು ಮೀಟಿದರೆ ಮುಟ್ಟದ ಇನ್ನೊಂದೂ ಮಿಡಿಯುತ್ತದೆ. ಸಂಗೀತದಲ್ಲಿ ಕಿವಿಗಿಂಪಾದ ಈ ಗುಣವೇ ರೈಲು ಸೇತುವೆಯಲ್ಲಿ ಅಪಾಯಕ್ಕೆ ಹೇತುವಾಗಬಲ್ಲದು.

ಪ್ರತಿಯೊಂದು ಸೇತುವೆಗೂ ತನ್ನದೇ ಆದ ಸಹಜ ಕಂಪನವುಂಟು. ಅಲುಗಿಸಿ ಬಿಟ್ಟರೆ ಅದು ಸೆಕೆಂಡಿಗೆ ಇಂತಿಷ್ಟು ಬಾರಿ ಮೇಲೆ ಕೆಳಗೆ ತೂಗಿ, ಕ್ರಮೇಣ ನಿಲ್ಲುತ್ತದೆ. ರೈಲುಗಾಡಿಯ ಗಾಲಿಗಳಾದರೋ ಸಮಾನ ಅಂತರದಲ್ಲಿ ಜೋಡಿಸಲ್ಪಟ್ಟಿರುವುದರಿಂದ, ಸೇತುವೆಗೆ ಅವುಗಳ ಪೆಟ್ಟುಗಳೂ ಸಮಾನ ಕಾಲಾಂತರದಲ್ಲಿ ಬೀಳುತ್ತವೆ. ಈ ಪೆಟ್ಟಿನ ಲಯವು ಸೇತುವೆಯ ಲಯದೊಡನೆ ಕೂಡಿದಾಗ, ಹದವರಿತು ನೂಕಿದ ಉಯ್ಯಾಲೆಯಂತೆ, ಕಂಪನವು ಪ್ರತಿ ಪೆಟ್ಟಿಗೂ ಬೆಳೆಯುತ್ತ ಹೋಗುತ್ತದೆ.

ಫ್ರಾನ್ಸ್ ದೇಶದ ಪ್ಯಾರಿಸ್–ಲಿಯಾನ್ ಅತಿವೇಗದ ಮಾರ್ಗವು ಇದಕ್ಕೆ ನಿದರ್ಶನ. 1981ರಲ್ಲಿ ಆರಂಭವಾದ ಈ ಮಾರ್ಗದ ಗಾಡಿಗಳಲ್ಲಿ 18.7 ಮೀಟರಿಗೊಂದು ಗಾಲಿಚೌಕಟ್ಟು ಇರುತ್ತದೆ. ಗಾಡಿಯು ಗಂಟೆಗೆ 90 ಕಿಲೋಮೀಟರ್ ಚಲಿಸಿದರೆ ಪೆಟ್ಟುಗಳು ಸೆಕೆಂಡಿಗೆ ಒಂದೂವರೆಯನ್ನೂ ಮುಟ್ಟವು. 270 ಕಿಲೋಮೀಟರ್ ವೇಗದಲ್ಲಾದರೆ ಅದು ಸೆಕೆಂಡಿಗೆ 75 ಮೀಟರ್ ಸಾಗುವುದರಿಂದ ನಾಲ್ಕು ಪೆಟ್ಟುಗಳಾಗುತ್ತವೆ. ಸೆಕೆಂಡಿಗೆ ನಾಲ್ಕು ಬಾರಿ ಕಂಪಿಸುವ ಸೇತುವೆಗೆ ಆ ವೇಗವೇ ಗಂಡಾಂತರ.

ಈ ಮಾರ್ಗದ ಕೆಲವು ಚಿಕ್ಕ ಸೇತುವೆಗಳಲ್ಲಿ ಹಾನಿಯು ಮೊದಲು ಕಂಡುಬಂದುದು ಹಳಿಯ ಕೆಳಗಿನ ಜಲ್ಲಿಯಲ್ಲಿ. ಜಲ್ಲಿಕಲ್ಲುಗಳು ತಮ್ಮ ಭಾರದಿಂದಲೇ ಒಂದನ್ನೊಂದು ಕಚ್ಚಿ ಹಿಡಿದಿರುತ್ತವೆ. ಸೇತುವೆಯು ರಭಸದಿಂದ ಕೆಳಗಿಳಿದಾಗ ಆ ಹಿಡಿತ ಸಡಿಲಿ, ಹಳಿಯ ಮಟ್ಟವೇ ಕೆಡುತ್ತದೆ. ಕಂಪನದ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ ಹತ್ತರಲ್ಲಿ ಏಳು ಪಾಲನ್ನು ಮುಟ್ಟಿದಾಗ ಜಲ್ಲಿಯು ಸ್ಥಿರತೆಯನ್ನು ಕಳೆದುಕೊಳ್ಳುವುದೆಂದು ಪರೀಕ್ಷೆಗಳಿಂದ ತಿಳಿದುಬಂದಿತು. ಆದಕಾರಣ ಯುರೋಪಿನ ನಿಯಮಗಳು ಅದರ ಅರ್ಧವನ್ನೇ, ಎಂದರೆ ಸೆಕೆಂಡಿಗೆ ಸೆಕೆಂಡಿಗೆ 3.5 ಮೀಟರನ್ನೇ, ಜಲ್ಲಿಹಾಸಿನ ಸೇತುವೆಗೆ ಮಿತಿಯಾಗಿ ವಿಧಿಸಿವೆ.

ಸೇತುವೆಗೆ ಭಾರವನ್ನು ಕೂಡಿಸಿದರೆ ಸಾಲದೇ ಎಂಬ ಶಂಕೆ ಏಳಬಹುದು. ಭಾರದಿಂದ ಕಂಪನದ ಉಗ್ರತೆ ತಗ್ಗುವುದು ನಿಜ. ಆದರೆ ಸಹಜ ಕಂಪನವೂ ಮಂದವಾಗುವುದರಿಂದ ಅನುರಣನವು ಇನ್ನೂ ಕಡಿಮೆ ವೇಗದಲ್ಲಿಯೇ ಬಂದೊದಗುತ್ತದೆ. ಬಾಗದ ದೃಢತೆಯನ್ನೂ ಜೊತೆಗೂಡಿಸಿ, ಗಾಡಿಯ ಪ್ರತಿಯೊಂದು ವೇಗಕ್ಕೂ ಲೆಕ್ಕಹಾಕಿ ನೋಡುವುದೇ ಸರಿಯಾದ ಮಾರ್ಗ. ನಿಂತ ಗಾಡಿಯ ಭಾರವನ್ನು ಹೊತ್ತ ಮಾತ್ರಕ್ಕೆ ಸೇತುವೆಯು ಸಮರ್ಥವೆನಿಸದು. ಓಡುವ ಗಾಡಿಯ ಲಯವನ್ನೂ ಅದು ತಾಳಬೇಕು.