ಹದಿನಾರನೇ ವಾರದ ಸೂಜಿ

ನಾಯಿಮರಿ ಬೆಳ್ಳಿ ನಮ್ಮ ಮನೆಗೆ ಬಂದಾಗ ಅವಳಿಗೆ 40 ದಿನ. 6ನೇ ವಾರಕ್ಕೆ ಒಂದು ಲಸಿಕೆ, 10ನೇ ವಾರಕ್ಕೆ ಇನ್ನೊಂದು ಹಾಕಿಸಿದೆವು. ಮೂರನೆಯದರ ದಿನ ಮನೆ ತುಂಬ ನೆಂಟರು. ಮರಿ ಅಂಗಳದ ತುಂಬ ಕುಣಿಯುತ್ತಿತ್ತು, ಮುಂದಿನ ವಾರ ಹೋದರಾಯಿತು ಅಂದುಕೊಂಡೆವು. ಆ ಮುಂದಿನ ವಾರ ಬಂದಾಗ ಅವಳು ಅನ್ನದ ತಟ್ಟೆಯ ಹತ್ತಿರವೂ ಸುಳಿಯಲಿಲ್ಲ. ಸಂಜೆ ವಾಂತಿ, ರಾತ್ರಿ ರಕ್ತಭೇದಿ. ಪಾರ್ವೊ. ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು ತೊಡೆಯ ಮೇಲೆ ಮಲಗಿದ್ದವಳನ್ನು ಐದನೆಯ ದಿನ ಹಿತ್ತಲ ಹಲಸಿನ ಮರದ ಬುಡದಲ್ಲಿ ಮಣ್ಣು ಮಾಡಿದೆವು.

‘ಎರಡು ಹಾಕಿಸಿದ್ದೆವಲ್ಲ ಡಾಕ್ಟ್ರೇ?’ ಎಂದು ಕೇಳಿದ್ದೆ. ಅವರು ಬೇಸರಪಡದೆ ಬಿಡಿಸಿ ಹೇಳಿದ್ದನ್ನು ಅಂದಿನಿಂದ ನಾಯಿಮರಿ ತಂದ ಪ್ರತಿಯೊಬ್ಬರಿಗೂ ಹೇಳುತ್ತಾ ಬಂದಿದ್ದೇನೆ.

ಹುಟ್ಟಿದ ಮರಿ ತಾಯಿಯ ಗಿಣ್ಣುಹಾಲಿನ ಜೊತೆಗೆ ಅವಳ ಪ್ರತಿಕಾಯಗಳನ್ನೂ ಕುಡಿಯುತ್ತದೆ. ಮೊದಲ ವಾರಗಳಲ್ಲಿ ಅದನ್ನು ಕಾಯುವುದು ಆ ತಾಯಿಯ ಕಾವಲು. ಆದರೆ ಆ ಕಾವಲಿಗೆ ರೋಗದ ವೈರಸ್ ಯಾವುದು, ಲಸಿಕೆಯ ವೈರಸ್ ಯಾವುದು ಎಂಬ ಭೇದ ತಿಳಿಯದು. ಲಸಿಕೆಯನ್ನೂ ಶತ್ರುವೆಂದೇ ಎಣಿಸಿ ಹೊಡೆದುಹಾಕುತ್ತದೆ. ವಾರ ಕಳೆದಂತೆ ಅದು ಕರಗುತ್ತದೆ. ಯಾವಾಗ ಪೂರ್ತಿ ಕರಗುತ್ತದೆ ಎಂಬುದು ಮರಿಯಿಂದ ಮರಿಗೆ ಬೇರೆ. ಒಂದೇ ಸೂಲಿನ ಅಣ್ಣತಮ್ಮಂದಿರಲ್ಲೂ ಬೇರೆ. ಒಂದಕ್ಕೆ 8ನೇ ವಾರ, ಇನ್ನೊಂದಕ್ಕೆ 12 ದಾಟಬಹುದು. ನಡುವೆ ಒಂದು ಕೆಟ್ಟ ಕಾಲವಿದೆ. ತಾಯಿಯ ಕಾವಲು ರೋಗವನ್ನು ತಡೆಯಲಾರದಷ್ಟು ತೆಳುವಾಗಿರುತ್ತದೆ, ಲಸಿಕೆಯನ್ನು ಕೆಡಿಸುವಷ್ಟು ಮಾತ್ರ ಉಳಿದಿರುತ್ತದೆ. ಬೆಳ್ಳಿ ಹೋದದ್ದು ಬಹುಶಃ ಆ ಸಂದಿನಲ್ಲಿ.

ಹೀಗಾಗಿ 6ರಿಂದ 8ನೇ ವಾರಕ್ಕೆ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16ನೇ ವಾರ ಅಥವಾ ಅದರಾಚೆಯವರೆಗೆ ಹಾಕಿಸಬೇಕು. ಇಷ್ಟು ಸಲ ಚುಚ್ಚುವುದು ಒಂದರ ಮೇಲೊಂದು ಶಕ್ತಿ ಪೇರಿಸಲಿಕ್ಕಲ್ಲ. ಯಾವ ಸಲದ್ದು ಹತ್ತುತ್ತದೆಂದು ಹೊರಗಿನಿಂದ ಕಾಣುವುದಿಲ್ಲ, ಅದಕ್ಕೆ. ನಾವು ಸಾಮಾನ್ಯವಾಗಿ ಬಿಟ್ಟುಬಿಡುವ ಕೊನೆಯ ಸೂಜಿಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಆಗಲೂ ಹತ್ತದ ಮರಿಗಳಿರುತ್ತವೆ. ಅವುಗಳಿಗಾಗಿಯೇ ಆರು ತಿಂಗಳ ಹೊತ್ತಿಗೆ ಮತ್ತೊಂದನ್ನು ಹಾಕಿಸಿ ಎನ್ನುತ್ತದೆ, ಸಣ್ಣ ಪ್ರಾಣಿಗಳ ಪಶುವೈದ್ಯರ ಜಾಗತಿಕ ಸಂಘದ 2024ರ ಮಾರ್ಗಸೂಚಿ. ಡಿಸ್ಟೆಂಪರ್, ಪಾರ್ವೊ ಮತ್ತು ಯಕೃತ್ತಿಗೆ ಬರುವ ಹೆಪಟೈಟಿಸ್, ಈ ಮೂರಕ್ಕೆ ಮುಂದೆ ಮೂರು ವರ್ಷಕ್ಕೊಮ್ಮೆ ಸಾಕೆಂದೂ ಅದು ಹೇಳುತ್ತದೆ. ನಮ್ಮಲ್ಲಿ ‘ನೈನ್ ಇನ್ ಒನ್’ ಎಂದು ಎಲ್ಲವನ್ನೂ ಕೂಡಿಸಿ ವರ್ಷವರ್ಷ ಹಾಕುವುದೇ ರೂಢಿ. ನಿಮ್ಮ ನಾಯಿಗೆ ಯಾವುದು, ಎಷ್ಟಕ್ಕೊಮ್ಮೆ ಬೇಕೆಂದು ಡಾಕ್ಟರನ್ನು ಕೇಳಲು ಹಿಂಜರಿಯಬೇಡಿ.

ಇಲಿಜ್ವರದ ಲಸಿಕೆಯನ್ನು ಮಾತ್ರ ಪ್ರತಿವರ್ಷ ಹಾಕಿಸಲೇಬೇಕು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ಕೆಸರಿನಲ್ಲಿ ಓಡಾಡುವ ನಾಯಿಗೆ ಬಂದರೆ ಅದರ ಮೂತ್ರದಿಂದ ಮನೆಯವರಿಗೂ ಅಂಟಬಹುದು.

ರೇಬೀಸ್ ಲಸಿಕೆಗೆ 12 ವಾರ ತುಂಬಿರಬೇಕು, ಒಂದು ವರ್ಷಕ್ಕೆ ಮತ್ತೊಂದು, ಆಮೇಲೆ ಕಾರ್ಡಿನಲ್ಲಿ ಬರೆದಂತೆ. ಲೂಯಿ ಪಾಸ್ಚರ್ 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡಿಸಿದ್ದು ಹುಚ್ಚುನಾಯಿ ಕಡಿದಿದ್ದಕ್ಕೆ. ಪಾಸ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನೇ ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ. ಆ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಶಿಬಿರಗಳು ನಡೆಯುತ್ತವೆ, ವಿಚಾರಿಸಿ. ಸಾಕುನಾಯಿಯೇ ಕಡಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರೋಗದ ಲಕ್ಷಣ ಕಂಡ ಮೇಲೆ ಮದ್ದಿಲ್ಲ.

ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಅಂಗಡಿಯಲ್ಲಿ ಕೊಂಡು ಜೇಬಿನಲ್ಲಿಟ್ಟು ಬಸ್ಸಿನಲ್ಲಿ ಒಯ್ದದ್ದು ಬರೀ ನೀರಾಗಿರಬಹುದು. ಶೀಶೆಯ ಚೀಟಿಯನ್ನು ಕಾರ್ಡಿಗೆ ಅಂಟಿಸಿ, ತಾರೀಖು ಬರೆಸಿಕೊಳ್ಳಿ.

ಇನ್ನು ತಜ್ಞರ ಮಾತು. ತಾಲ್ಲೂಕು ಆಸ್ಪತ್ರೆಯ ಡಾಕ್ಟರಿಗೆ ದಿನವಿಡೀ ದನ, ಎಮ್ಮೆ, ಕುರಿ. ಅದರ ನಡುವೆಯೇ ನಮ್ಮ ನಾಯಿಯನ್ನೂ ನೋಡುತ್ತಾರೆ; ಅದು ದೊಡ್ಡ ಉಪಕಾರ. ಆದರೆ ಕಣ್ಣಿಗೆ ಪೊರೆ ಬಂದಾಗ, ಸೊಂಟ ಬಿದ್ದಾಗ, ಎದೆಯಲ್ಲಿ ನೀರು ತುಂಬಿದಾಗ ಮುಂದೆಲ್ಲಿಗೆ? ಪಶುವೈದ್ಯರೆಲ್ಲರದ್ದೂ ಬಿ.ವಿ.ಎಸ್‌ಸಿ. ಪದವಿ; ಈಗ ಅದು ಐದೂವರೆ ವರ್ಷದ್ದು. ಅದರ ಮೇಲೆ ಎರಡು ವರ್ಷ ಎಂ.ವಿ.ಎಸ್‌ಸಿ. ಓದಿದವರು ಒಂದು ವಿಷಯವನ್ನು ಆಳವಾಗಿ ಕಲಿತಿರುತ್ತಾರೆ. ಬೋರ್ಡಿನಲ್ಲಿ ಆ ಅಕ್ಷರಗಳನ್ನು ಕಂಡಾಗ ಯಾವ ವಿಷಯದಲ್ಲಿ ಎಂದು ಕೇಳಿ. ಮೂಳೆ ಮುರಿದ ನಾಯಿಗೆ ಶಸ್ತ್ರಚಿಕಿತ್ಸೆ ಓದಿದವರು ಬೇಕು, ಪೌಷ್ಟಿಕ ಆಹಾರ ಓದಿದವರಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜಿದೆ. ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲೂ ಇವೆ. ಈ ಕಾಲೇಜು ಆಸ್ಪತ್ರೆಗಳಲ್ಲಿ ಔಷಧ, ಶಸ್ತ್ರಚಿಕಿತ್ಸೆ, ಪ್ರಸೂತಿಗೆ ಬೇರೆಬೇರೆ ವಿಭಾಗಗಳಿರುತ್ತವೆ. ಹೋಗುವಾಗ ಊರಿನ ಡಾಕ್ಟರಿಂದ ಒಂದು ಚೀಟಿ, ರಕ್ತಪರೀಕ್ಷೆಯ ವರದಿ, ಎಕ್ಸ್-ರೇ, ಲಸಿಕೆ ಕಾರ್ಡು ಜೊತೆಗಿರಲಿ. ಫಿಟ್ಸ್ ಬಂದಾಗ, ಕೆಮ್ಮಿದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಡಾಕ್ಟರ ಮುಂದೆ ನಿಂತಾಗ ಅದು ಬರುವುದೇ ಇಲ್ಲ. ಮನೆಯಿಂದ ಯಾವುದು ಹತ್ತಿರ, ಎಷ್ಟು ಹೊತ್ತಿಗೆ ತೆರೆಯುತ್ತದೆ, ರಾತ್ರಿ ಯಾರಿರುತ್ತಾರೆ ಎಂಬುದನ್ನು ನಾಯಿ ಆರೋಗ್ಯವಾಗಿರುವಾಗಲೇ ತಿಳಿದಿಟ್ಟುಕೊಳ್ಳಿ.

ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಸಿಮೆಂಟಿನ ಅಂಗಳವನ್ನು ಬ್ಲೀಚಿಂಗ್ ಪೌಡರ್ ನೀರಿನಿಂದ ತೊಳೆದೆವು, ಹಿತ್ತಲನ್ನು ಬಿಸಿಲಿಗೆ ಬಿಟ್ಟೆವು, ಒಂದು ವರ್ಷ ಮರಿ ತರಲಿಲ್ಲ. ಈಗಿರುವವನು ಕರಿಯ. ಅವನ 16ನೇ ವಾರ ತುಂಬಿದ ದಿನವೂ ಮನೆಯಲ್ಲಿ ನೆಂಟರಿದ್ದರು. ಅಮ್ಮ ಅವರಿಗೆ ಕಾಫಿ ಬೆರೆಸುತ್ತಲೇ, ‘ನೀನು ಮೊದಲು ಅವನನ್ನು ಕರಕೊಂಡು ಹೋಗಿ ಬಾ’ ಅಂದರು.